ಮುತ್ತುವಿಗೆ ಬಂದ ನಾಲ್ಕು ಕಾಗದ

ಶನಿವಾರ ಬೆಳಿಗ್ಗೆ ಏಳಕ್ಕೆ ದುಬೈಯ ಮುಹೈಸ್ನಾದ ಮನೆಯಿಂದ ಹೊರಟೆ. ಕೈಯಲ್ಲಿ ಒಂದು ಡಬ್ಬಿ ಪತ್ರೊಡೆ, ಹೊಟ್ಟೆಯಲ್ಲಿ ಒಂದು ವರ್ಷದ ಉರಿ. ಮೆಟ್ರೊ ಇಳಿದು, ಇಪ್ಪತ್ತೈದು ದಿರ್ಹಮ್ ಕೊಟ್ಟು ಅಬುಧಾಬಿಯ ಬಸ್ ಹತ್ತಿದೆ. ಜೆಬೆಲ್ ಅಲಿ ದಾಟುವಾಗ ಧೂಳು ಕವಿದು ಬಂದರಿನ ಕ್ರೇನುಗಳು ಅರ್ಧರ್ಧ ಕಂಡವು.

ಹೊರಟದ್ದು ಹಮ್ದಾನ್ ಸ್ಟ್ರೀಟಿನ ವನಿತಾಳ ಮನೆಗೆ. ಸಂಬಂಧದಲ್ಲಿ ನನಗೆ ತಂಗಿ, ಆಸ್ಪತ್ರೆಯಲ್ಲಿ ನರ್ಸ್. ತೀರಿಹೋಗುವ ಮುಂಚೆ ನನ್ನ ಅಮ್ಮ ಮನೆತನದ ಹಳೆಯ ಕಾಗದಗಳನ್ನು ಅವಳಿಗೆ ಕೊಟ್ಟಿದ್ದರು. ನೂರೈವತ್ತು ವರ್ಷದ ಹಿಂದೆ ಮುಂಬಯಿಯಲ್ಲಿ ಗುಮಾಸ್ತನಾಗಿದ್ದ ಕಾಂತಪ್ಪ, ಊರಿನಲ್ಲಿದ್ದ ತಂಗಿ ಮುತ್ತುವಿಗೆ ಬರೆದವು. ನಾನು ಮುತ್ತುವಿನ ಸಂತತಿ. ವನಿತಾ ಕಾಂತಪ್ಪನ ಮಗಳ ಕಡೆಯವಳು. ನಮ್ಮದು ಅಳಿಯಸಂತಾನ. ಮನೆ ತಂಗಿಯ ಮಕ್ಕಳಿಗೆ, ಅಣ್ಣನ ಮಕ್ಕಳು ಅವರ ತಾಯಿಯ ಮನೆಗೆ. ವಂಶಾವಳಿ ಬರೆದಿಟ್ಟವಳೂ ನಾನೇ. ಹಾಗಿರುವಾಗ ಕಾಗದ ಅವಳಿಗೇಕೆ?

"ಬನ್ನಿ ಅಕ್ಕ. ಬಸ್ಸಲ್ಲಿ ಸೀಟು ಸಿಕ್ತಾ?" ಬಾಗಿಲು ತೆಗೆದಳು ವನಿತಾ.

"ಸಿಕ್ತು. ಕಾಗದ ಕೇಳ್ಲಿಕ್ಕೆ ಬಂದದ್ದು ನಾನು."

"ಮೊದ್ಲು ಚಾ ಕುಡೀರಿ ಮಾರಾಯ್ರೆ. ಜಗಳ ಆಮೇಲೆ ಮಾಡುವ."

ಚಾ ಆದ ಮೇಲೆ ಪ್ಲಾಸ್ಟಿಕ್ ಫೈಲು ತಂದಳು. ನಾಲ್ಕೇ ಕಾಗದ, ಮಡಿಕೆಗಳಲ್ಲಿ ಹರಿದಿದ್ದವು. ಎಷ್ಟು ಜೋಪಾನವಾಗಿ ಇಟ್ಟಿದ್ದಳೆಂದರೆ ನನಗೆ ಇನ್ನಷ್ಟು ಉರಿಯಿತು. ಮೊದಲಿನ ಎರಡರಲ್ಲಿ ಒಂದೇ ಬೇಡಿಕೆ: ಹೆಂಡತಿ ಸತ್ತಿದ್ದಾಳೆ, ಮಗಳನ್ನು ಸ್ವಲ್ಪ ಕಾಲ ಇರಿಸಿಕೋ. ಮೂರನೆಯದನ್ನು ಗಟ್ಟಿಯಾಗಿ ಓದತೊಡಗಿ, ನಡುವೆ ಸ್ವರ ತಗ್ಗಿಸಿದೆ.

"ಮಗುವನ್ನು ಜಗಲಿಯಿಂದಲೇ ಹಿಂದೆ ಕಳುಹಿಸಿದೆಯಂತೆ. ಅಳಿಯಕಟ್ಟು ನನಗೂ ಗೊತ್ತುಂಟು. ಅದರ ತಾಯಿಯ ಮನೆಯಲ್ಲಿ ಈಗ ಯಾರೂ ಇಲ್ಲವೆಂದು ನಿನಗೂ ಗೊತ್ತುಂಟು."

ನಾಲ್ಕನೆಯದರಲ್ಲಿ ಕ್ಷೇಮ ಸಮಾಚಾರವೂ ಇರಲಿಲ್ಲ. ಇನ್ನು ಬರೆಯುವುದಿಲ್ಲ ಎಂದಷ್ಟೇ ಇತ್ತು.

"ಆ ಮಗು ನನ್ನ ಅಜ್ಜಿಯ ಅಜ್ಜಿ," ಎಂದಳು ವನಿತಾ.

"ಅಮ್ಮ ಇದನ್ನು ಓದಿದ್ರಾ?"

"ಹೋದ ವರ್ಷ ಎರಡು ದಿನ ಇಲ್ಲಿದ್ರಲ್ಲ, ಆಗ ಒಟ್ಟಿಗೆ ಓದಿದ್ದು. ದೊಡ್ಡಮ್ಮ ತುಂಬ ಅತ್ರು. ಇದು ನಿನ್ನ ಹತ್ರ ಇರ್ಲಿ ಅಂದ್ರು." ಚಾದ ಲೋಟ ಎತ್ತಿಡುತ್ತಾ, "ಯಾಕೆ ಕೊಟ್ಟದ್ದೂಂತ ಅಕ್ಕನಿಗೆ ಹೇಳ್ಬೇಡ, ಅವಳು ಅಳಿಯಕಟ್ಟಿನ ಮಾತೆತ್ತಿಯಾಳು ಅಂತಲೂ ಅಂದ್ರು," ಎಂದಳು.

ಕಾಗದಗಳನ್ನು ಮಡಿಕೆ ತಪ್ಪದಂತೆ ಫೈಲಿಗೆ ಸೇರಿಸಿ ಅವಳಿಗೇ ಕೊಟ್ಟೆ. ಊಟ ಮಾಡಿ ಹೋಗಿ ಎಂದಳು, ಉಂಡೆ. ಮೂರು ಗಂಟೆಯ ಬಸ್ಸಿಗೆ ಟ್ಯಾಕ್ಸಿ ಹಿಡಿದಾಗ ಅವಳು ಕೆಳಗೆ ಬಂದು ಕೈಬೀಸಿದಳು. ನಾನೂ ಬೀಸಿದೆ. ಕಾಗದದ ಆಸೆ ಬಿಟ್ಟುಹೋಗಿತ್ತು. ಅಮ್ಮ ಅಳುವುದನ್ನು ನಾನು ಒಮ್ಮೆಯೂ ನೋಡಿದವಳಲ್ಲ, ಅವಳು ನೋಡಿದ್ದಳು.