ಹನ್ನೊಂದು ನಿಮಿಷ ಊರೇ ಕಾದ ಹುಡುಗಿ

ಬೆಳಗಿನ ಏಳು ಗಂಟೆ. ಪೆನ್ಯಾಗ್ರಿಸ್ ಊರಿನ ಚಳಿ ಎಂಥದ್ದೆಂದರೆ, ನವೆಂಬರ್ ಬಂದರೆ ಸಾಕು, ಚೌಕದ ಗಡಿಯಾರದ ಮುಳ್ಳುಗಳೆರಡೂ ಒಂದನ್ನೊಂದು ತಬ್ಬಿಕೊಂಡು ನಿಂತುಬಿಡುತ್ತವೆ. ಏಪ್ರಿಲ್ ತನಕ ಅವನ್ನು ಬಿಡಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಸ್ಪೇನಿನ ಬೇರೆ ಕಡೆ ಬಿಸಿಲಿದೆಯಂತೆ, ಕಡಲಿದೆಯಂತೆ. ಇರಲಿ ಪಾಪ. ನಮ್ಮ ತೆರುಯೆಲ್ ಸೀಮೆಯ ಚಳಿಯ ಮುಂದೆ ಅದೆಲ್ಲ ಏನು ಮಹಾ! ಇಂಥ ಚಳಿಯಲ್ಲಿ ಬೇಕರಿಯ ಮುಂದೆ ಒಬ್ಬಳು ಎತ್ತರದ ಹುಡುಗಿ ಬ್ರೆಡ್ಡಿನ ಬುಟ್ಟಿಗಳನ್ನು ವ್ಯಾನಿಗೆ ಏರಿಸುತ್ತಿದ್ದಾಳೆ. ಬೆನ್ನ ಮೇಲೊಂದು ಚೀಲ. ಚೀಲದೊಳಗೆ ಶಾಲೆಯ ಮಕ್ಕಳಿಗೆಂದು ಬಣ್ಣದ ಕಾಗದದಲ್ಲಿ ಕತ್ತರಿಸಿದ ನಲವತ್ತೊಂದು ಟರ್ಕಿ ಕೋಳಿಗಳು.

"ಏನಮ್ಮಾ ಅಮೆರಿಕಾ, ಇವತ್ತು ಸಾಕ್ಸ್ ಎಷ್ಟು ಜೊತೆ?" ಬೇಕರಿಯ ಸಾಂತೋಸ್ ಕೇಳುತ್ತಾನೆ.

"ಒಂದೇ. ನಮ್ಮ ಮಿನೆಸೋಟಾದಲ್ಲಿ ಇದಕ್ಕೆ ವಸಂತ ಅಂತೀವಿ."

"ಕೇಳಿದ್ರಾ! ಚಂದ್ರನ್ನ ಗೆದ್ದಾಯ್ತು, ಈಗ ಚಳೀಲೂ ನಮ್ಮನ್ನ ಸೋಲಿಸ್ಬೇಕು ಇವಳಿಗೆ!"

ಇವಳು ಥಿಯಾ ಲಿಂಡ್‌ಕ್ವಿಸ್ಟ್, ವಯಸ್ಸು ಇಪ್ಪತ್ತನಾಲ್ಕು. ಇಪ್ಪತ್ತಮೂರು ಕಿಲೋಮೀಟರ್ ಆಚೆಗಿರುವ ತೊರ್ರೆಸೆಕಾ ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ಅವಳ ಕೆಲಸ. ಆ ಹೊತ್ತಿಗೆ ಬಸ್ಸಿಲ್ಲ. ಹಾಗಾಗಿ ಬ್ರೆಡ್ ವ್ಯಾನೇ ಅವಳ ವಾಹನ. ದಾರಿಯಲ್ಲಿ ಮುನ್ನೂರು ತಿರುವು. ಎಣಿಸಲು ಹೋದ ಎಂಜಿನಿಯರು ಇನ್ನೂ ವಾಪಸಾಗಿಲ್ಲ. ನಡುವೆ ಎರಡು ಹಳ್ಳಿಗಳಲ್ಲಿ ಇಳಿದು, ಮಲಗಿರುವ ಮನೆಗಳ ಬಾಗಿಲ ಹಿಡಿಗೆ ಬ್ರೆಡ್ಡಿನ ಚೀಲ ನೇತುಹಾಕುತ್ತಾಳೆ. ಯಾರ ಮನೆಗೆ ಉದ್ದದ್ದು, ಯಾರ ಮನೆಗೆ ಗುಂಡಗಿನದು, ಹಲ್ಲಿಲ್ಲದ ಯಾವ ಅಜ್ಜನಿಗೆ ಮೆತ್ತನೆಯದು, ಎಲ್ಲ ಅವಳಿಗೆ ಬಾಯಿಪಾಠ.

ಕಾಗದಪತ್ರದ ಪ್ರಕಾರ ಅವಳು 'ಭಾಷಾ ಸಹಾಯಕಿ'. ಅಂದರೆ ಶಿಕ್ಷಕಿ ಅಲ್ಲ, ವಿದ್ಯಾರ್ಥಿನಿ ಅಲ್ಲ, ನೌಕರಿಯವಳೂ ಅಲ್ಲ. ಶಾಲೆಯ ಫಲಕದಲ್ಲಿ ಅವಳ ಹೆಸರಿಲ್ಲ. ವರ್ಷದ ಗುಂಪು ಫೋಟೋದಲ್ಲಿ ಮುಖವೂ ಇಲ್ಲ, ಏಕೆಂದರೆ ಫೋಟೋ ತೆಗೆದವಳು ಅವಳೇ. ವಾರಕ್ಕೆ ಹದಿನಾರು ಗಂಟೆ ಕೆಲಸ ಎಂದು ಬರೆದಿದೆ. ಆದರೆ ಮೂರು ಹಳ್ಳಿಗಳಿಂದ ಬರುವ ನಲವತ್ತೊಂದು ಮಕ್ಕಳ ಪ್ರಶ್ನೆಗಳಿಗೆ ಗಂಟೆಯ ಲೆಕ್ಕ ಗೊತ್ತೇ? ದಿನಕ್ಕೆ ನಾಲ್ಕು ಸಾವಿರ ಪ್ರಶ್ನೆ, ಕಡಿಮೆ ಅಂದರೆ.

"ಥಿಯಾ, ನಿಮ್ಮೂರಲ್ಲಿ ಕರಡಿ ಶಾಲೆಗೆ ಬರುತ್ತಾ?" ಎರಡನೇ ತರಗತಿಯ ಚಾರೊ ಕೇಳುತ್ತಾಳೆ.

"ಬರುತ್ತೆ. ಹೋಮ್‌ವರ್ಕ್ ಮಾತ್ರ ಮಾಡ್ಕೊಂಡು ಬರಲ್ಲ, ನಿನ್ನ ಹಾಗೆ."

ಚಾರೊ ಈ ಮಾತನ್ನು ಇಂಗ್ಲಿಷಿನಲ್ಲೇ ಅರ್ಥ ಮಾಡಿಕೊಂಡು, ಇಂಗ್ಲಿಷಿನಲ್ಲೇ ಸಿಟ್ಟಾಗುತ್ತಾಳೆ. ಇಡೀ ಅರಗಾನ್ ಪ್ರಾಂತ್ಯದಲ್ಲಿ ಇಂಗ್ಲಿಷಿನಲ್ಲಿ ಸಿಟ್ಟಾಗಬಲ್ಲ ಏಳು ವರ್ಷದ ಮಗು ಇದೊಂದೇ ಎಂದು ಪಂದ್ಯ ಕಟ್ಟಬಹುದು.

ನೋಡಿದವರು ಇವಳಿಗೇನು ಕೊರತೆ ಎಂದಾರು. ಒಂದಿದೆ. ಮಕ್ಕಳು ಮನೆಗೆ ಹೋದ ಮೇಲೆ, ಪುಟ್ಟ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತಾ ಅವಳೇ ಅದನ್ನು ಹೇಳುತ್ತಾಳೆ. "ನಾನು ಒಂದು ದಿನ ಬರಬೇಕಿತ್ತು. ಬರ್ಲಿಲ್ಲ. ಉಳಿದ ದಿನಗಳೆಲ್ಲ ಬಂದ್ರೂ ಅದೊಂದು ತುಂಬಲ್ಲ."

ಕಳೆದ ವರ್ಷ ಅಕ್ಟೋಬರಿನಲ್ಲಿ ಅವಳು ಬಂದಿಳಿದಾಗ ಕರೆದೊಯ್ಯುತ್ತಿದ್ದುದು ಬ್ರೆಡ್ ವ್ಯಾನಲ್ಲ, ಕಾಸಿಮಿರೊ ಅವರ ಬಿಳಿ ಕಾರು. ಕಾಸಿಮಿರೊ ಶಾಲೆಯ ಜವಾನರು. ಗೇಟು ತೆಗೆಯುವುದು, ಬಾಯ್ಲರ್ ಉರಿಸುವುದು, ಮಾಡಿನ ಮೇಲೆ ಸಿಕ್ಕ ಚೆಂಡು ಇಳಿಸುವುದು ಅವರ ಕೆಲಸ. ಹೆಂಡತಿ ಎರ್ಮಿನಿಯಾ ಜೊತೆ ತೊರ್ರೆಸೆಕಾದಲ್ಲೇ ಮನೆ. ಆದರೂ ದಿನಾ ಬೆಳಗ್ಗೆ ಇಪ್ಪತ್ತಮೂರು ಕಿಲೋಮೀಟರ್ ಬಂದು, ಅವಳನ್ನು ಹತ್ತಿಸಿಕೊಂಡು, ಮತ್ತೆ ಇಪ್ಪತ್ತಮೂರು ಕಿಲೋಮೀಟರ್ ಹೋಗುತ್ತಿದ್ದರು. ಕೇಳಿದರೆ, "ಎಂಜಿನ್ ಬಿಸಿಯಾಗ್ಬೇಕಲ್ಲ ತಾಯೀ" ಎನ್ನುತ್ತಿದ್ದರು. ವಾಪಸು ಹೋಗುವಾಗ ಸ್ಟೀರಿಂಗ್ ಅವಳ ಕೈಗೆ. ಅವಳಿಗೋ ಗೇರು ಹಾಕಲು ಬಾರದು.

"ಚಂದ್ರನ ಮೇಲೆ ಕಾಲಿಟ್ರಿ, ಕ್ಲಚ್ ಮೇಲೆ ಇಡೋಕೆ ಬರಲ್ವಾ?" ಎಂದು ಅವರು ನಗುತ್ತಿದ್ದರು. ಆ ನಗುವಿಗೆ ಗುಡ್ಡದಾಚೆಯ ಕುರಿಗಳು ದಾರಿ ತಪ್ಪುತ್ತಿದ್ದವು.

ಕಾರಿನಲ್ಲಿ ಅವರು ಕಲಿಸಿದ್ದು ಗೇರು ಮಾತ್ರವಲ್ಲ. ಹತ್ತೂವರೆಯ ತಿಂಡಿಗೆ ಯಾರು ಕರೆದರೂ ಇಲ್ಲ ಅನ್ನಬೇಡ. ಹುಟ್ಟುಹಬ್ಬ ನಿನ್ನದಾದರೆ ತಿನ್ನಿಸಬೇಕಾದವಳೂ ನೀನೇ. ಬೀದಿಯಲ್ಲಿ ಎದುರಾದವರು ನಿಲ್ಲದೆ 'ಅದಿಯೋಸ್' ಎಂದು ವಿದಾಯ ಹೇಳಿಹೋದರೆ ಜಗಳವಲ್ಲ, ಚಳಿ. ಆದರೆ ಮುತ್ತಿಕ್ಕಿ ಮಾತಾಡಿಸುತ್ತಿದ್ದವರು ಬರೀ 'ಅದಿಯೋಸ್' ಅಂದರೆ ಮಾತ್ರ ಯೋಚನೆ ಮಾಡು. ಬುಧವಾರದ ಊಟ ಅವರ ಮನೆಯಲ್ಲಿ. ಎರ್ಮಿನಿಯಾ ತಟ್ಟೆಗೆ ಮೂರನೇ ಸಲ ಕಡಲೆ ಸುರಿಯುತ್ತಾ, "ತಿನ್ನೇ, ನಿನ್ನ ಮೂಳೆ ಎಣಿಸಿ ಎಣಿಸಿ ನಂಗೆ ಸಾಕಾಯ್ತು" ಎನ್ನುತ್ತಿದ್ದರು. ಹೀಗೆ ಏಳು ವಾರ.

ಏಳನೇ ವಾರದ ಶುಕ್ರವಾರ ಥಿಯಾ ಸರಗೋಸಾ ನಗರಕ್ಕೆ ಹೊರಟಳು. ಅವಳೂ ಸೇರಿದಂತೆ, ಊರೂರಲ್ಲಿ ಕಲಿಸುವ ಹನ್ನೆರಡು ಅಮೆರಿಕದ ಹುಡುಗ ಹುಡುಗಿಯರು ಶನಿವಾರ ತಮ್ಮ ನಾಡಿನ ನವೆಂಬರ್ ಹಬ್ಬದ ಟರ್ಕಿ ಕೋಳಿ ಊಟ ಮಾಡುವವರಿದ್ದರು. ಬಸ್ಸಿನಲ್ಲಿದ್ದಾಗ ಮುಖ್ಯ ಶಿಕ್ಷಕಿ ನಿಯೆವೆಸ್ ಅವರ ಸಂದೇಶ ಬಂತು: 'ಕಾಸಿಮಿರೊ ಹೋಗಿಬಿಟ್ಟರು. ಹೃದಯ.'

ಥಿಯಾ ಬಸ್ಸಿನಲ್ಲೇ ಅತ್ತಳು. ಉದ್ದನೆಯ ಸಂತಾಪ ಬರೆದು ಕಳಿಸಿದಳು. ಆದರೆ ಬಸ್ಸಿಳಿದು ಹಿಂದಿರುಗಲಿಲ್ಲ. "ನಮ್ಮಜ್ಜ ಸತ್ತಾಗ ಮಣ್ಣು ಮಾಡಿದ್ದು ಒಂಬತ್ತನೇ ದಿನ," ಎನ್ನುತ್ತಾಳೆ. "ದೂರದೋರೆಲ್ಲ ವಿಮಾನದಲ್ಲಿ ಬರ್ಬೇಕು, ಚರ್ಚಿನ ಹಾಲ್ ಸಿಗ್ಬೇಕು, ಸೂಟು ಇಸ್ತ್ರಿಯಾಗ್ಬೇಕು. ನಮ್ಮಲ್ಲಿ ಸತ್ತೋರು ಕಾಯ್ತಾರೆ. ಮುಂದಿನ ವಾರ ಇರುತ್ತೆ, ಕಪ್ಪು ಬಟ್ಟೆ ತಗೋಬೇಕು ಅಂತ ಯೋಚಿಸ್ತಾ ಕೂತಿದ್ದೆ."

ನಮ್ಮ ಕಡೆ ಸತ್ತವರು ಕಾಯುವುದಿಲ್ಲ. ಇವತ್ತು ಕಣ್ಣು ಮುಚ್ಚಿದರೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಚರ್ಚು, ಒಂದಕ್ಕೆ ಸ್ಮಶಾನ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ನಾಳೆ ಸೂರ್ಯ ಹುಟ್ಟುತ್ತಾನೆ ಎಂದು ಸಂದೇಶ ಕಳಿಸುವವರುಂಟೇ? ನಿಯೆವೆಸ್ ಕೂಡ ಬರೆಯಲಿಲ್ಲ. ಶನಿವಾರ ಎರಡು ಬಾರಿ ಕರೆ ಮಾಡಿದರು. ಆಗ ಸರಗೋಸಾದ ಒಲೆಯಲ್ಲಿ ಕೋಳಿ ಹೊತ್ತುತ್ತಿತ್ತು, ಅಡುಗೆಮನೆಯಲ್ಲಿ ಹನ್ನೆರಡು ಜನ ಕೂಗಾಡುತ್ತಿದ್ದರು. ತಪ್ಪಿದ ಕರೆಗಳನ್ನು ನೋಡಿದ ಥಿಯಾ ಬೆರಳಿನ ಹಿಟ್ಟು ಒರೆಸಿಕೊಂಡು ಬರೆದಳು: 'ಸೋಮವಾರ ಮಾತಾಡೋಣ.'

ಸೋಮವಾರ ಶಿಕ್ಷಕರ ಕೋಣೆಗೆ ಕಾಲಿಟ್ಟವಳೇ ಮೆಲ್ಲಗೆ ಕೇಳಿದಳು: "ಮಣ್ಣು ಯಾವತ್ತು? ನಾನೇನಾದ್ರೂ ಅಡುಗೆ ಮಾಡಿ ತರ್ಲಾ?"

ಕಾಫಿ ಲೋಟ ಹಿಡಿದಿದ್ದ ಐವರೂ ತಿರುಗಿ ನೋಡಿದರು. ನಿಯೆವೆಸ್ ಲೋಟ ಕೆಳಗಿಟ್ಟರು. "ಯಾವ ಮಣ್ಣು ಮಗಳೇ? ಶನಿವಾರವೇ ಆಗಿಹೋಯ್ತಲ್ಲ."

ಉಳಿದದ್ದು ತಿಳಿದದ್ದು ಆಮೇಲೆ. ತೊರ್ರೆಸೆಕಾ ಯಾರಿಗೂ ಕಾದ ಊರಲ್ಲ. ಬಿಷಪ್ಪರು ತಡವಾಗಿ ಬಂದಾಗ ಪೂಜೆ ಮುಗಿಸಿ, ದೀಪ ಆರಿಸಿ, ಬೀಗ ಹಾಕಿಕೊಂಡು ಹೋದ ಊರು ಇದು. ಆ ಶನಿವಾರ ಶವಪೆಟ್ಟಿಗೆ ಒಳಗೆ ಬಂದಿತ್ತು, ಗಂಟೆ ಬಾರಿಸಿಯಾಗಿತ್ತು, ಪಾದ್ರಿಗಳು ಬಾಯಿ ತೆರೆದಿದ್ದರು. ಮುಂದಿನ ಸಾಲಿನಿಂದ ಎರ್ಮಿನಿಯಾ ಕೈ ಎತ್ತಿದರಂತೆ: "ಸ್ವಲ್ಪ ತಾಳಿ ಫಾದರ್. ಅಮೆರಿಕದ ಹುಡುಗಿ ಬರ್ಬೇಕು." ಹನ್ನೊಂದು ನಿಮಿಷ ಊರೇ ಬಾಗಿಲ ಕಡೆ ಕತ್ತು ಹೊರಳಿಸಿ ಕೂತಿತ್ತು. ಅಲ್ಲಿ ಒಳಬಂದದ್ದು ಗಾಳಿಯೊಂದೇ.

ಥಿಯಾ ಸೋಮವಾರ ಸಂಜೆಯೇ ಎರ್ಮಿನಿಯಾ ಅವರ ಮನೆಗೆ ಹೋದಳು. ಕೈಯಲ್ಲಿ ಮಾಂಸ, ಬಟಾಣಿ, ಆಲೂಗಡ್ಡೆ ಹಾಕಿ ಬೇಯಿಸಿದ ತಟ್ಟೆ. ಮಿನೆಸೋಟಾದಲ್ಲಿ ಸಾವಿನ ಮನೆಗೆ ಒಯ್ಯುವುದು ಅದನ್ನೇ. ಎರ್ಮಿನಿಯಾ ತಟ್ಟೆ ತೆಗೆದುಕೊಂಡರು. "ಗ್ರಾಸಿಯಾಸ್" ಎಂದು ಬರೀ ಧನ್ಯವಾದ ಹೇಳಿದರು. ಬಾಗಿಲು ಮುಚ್ಚಿದರು. ಮರುದಿನ ತಟ್ಟೆ ಥಳಥಳ ತೊಳೆದು ಶಾಲೆಗೆ ಬಂತು, ನಿಯೆವೆಸ್ ಕೈಯಲ್ಲಿ. ಅಂದಿನಿಂದ ಬೀದಿಯಲ್ಲಿ ಎದುರಾದರೆ ಬರೀ 'ಅದಿಯೋಸ್'.

"ಒಬ್ಬರೂ ಬೈಲಿಲ್ಲ," ಎನ್ನುತ್ತಾಳೆ ಥಿಯಾ. "ಬೈದಿದ್ರೆ ನಂಗೆ ಗೊತ್ತಿರ್ಲಿಲ್ಲ ಅಂತ ಹೇಳ್ಬಹುದಿತ್ತು. ಕೇಳದೆ ಇರೋರಿಗೆ ಹೇಗೆ ಹೇಳೋದು? ಹೇಳಿದ್ರೂ ನೆಪ ಹೇಳಿದ ಹಾಗಿರುತ್ತೆ."

ಮೇ ತಿಂಗಳಿಗೆ ಅವಳ ಒಪ್ಪಂದ ಮುಗಿಯಬೇಕಿತ್ತು. ತನ್ನೂರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಅದನ್ನು ಬಿಟ್ಟು ಇನ್ನೊಂದು ವರ್ಷಕ್ಕೆ ಅರ್ಜಿ ಹಾಕಿದಳು. ಊರು ಬಿಟ್ಟೀತೇ? ವಾರದೊಳಗೆ ಅವಳಿಗೆ ಒಂಬತ್ತು ಗಂಡುಗಳನ್ನು ಗಂಟು ಹಾಕಿತು. ಅದರಲ್ಲಿ ಇಬ್ಬರಿಗೆ ಮೊಮ್ಮಕ್ಕಳಿದ್ದರು, ಒಬ್ಬ ಪಾದ್ರಿಗಳ ತಮ್ಮ. ನಿಜವಾದ ಕಾರಣ ಅವಳು ಹೇಳಿದ್ದು ಸಾಂತೋಸ್‌ಗೊಬ್ಬನಿಗೇ. ನಮ್ಮಲ್ಲಿ ಸತ್ತವರಿಗೆ ವರ್ಷ ತುಂಬಿದಾಗ ಅವರ ಹೆಸರಿನಲ್ಲಿ ಒಂದು ಪೂಜೆ ನಡೆಯುತ್ತದೆ, ಊರೆಲ್ಲ ಸೇರುತ್ತದೆ. ಕಾಸಿಮಿರೊ ಅವರದು ಬರುವ ಶನಿವಾರ, ಹನ್ನೆರಡಕ್ಕೆ. ಅದೇ ದಿನ ಸರಗೋಸಾದಲ್ಲಿ ಗೆಳೆಯರ ಊಟವೂ ಇದೆ. ಈ ಸಲ ಹನ್ನೆರಡಲ್ಲ, ಹನ್ನೊಂದೇ ತಟ್ಟೆ ಇಡಿ ಎಂದು ತಿಂಗಳ ಹಿಂದೆಯೇ ಹೇಳಿದ್ದಾಳೆ.

"ಹಿಂದೆ, ಗೋಡೆಗೆ ಒರಗಿ ನಿಂತ್ಕೋತೀನಿ," ಎಂದಳು ಈ ಸೋಮವಾರ ವ್ಯಾನಿನಲ್ಲಿ. "ಎಲ್ಲ ಮುಗಿದ ಮೇಲೆ ಸರದೀಲಿ ಹೋಗಿ ಎರ್ಮಿನಿಯಾ ಅವರ ಕೈ ಹಿಡಿದು, ಎಲ್ಲರೂ ಹೇಳೋ ಮಾತನ್ನೇ ಹೇಳ್ತೀನಿ. ಅವರು ಕೈ ಕೊಟ್ರೆ ಸಾಕು. ಕೊಡದಿದ್ರೂ ಸರಿ, ಬಂದಿದ್ದೆ ಅಂತ ಆಗುತ್ತಲ್ಲ."

ಸಾಂತೋಸ್‌ನ ಕೈಯಲ್ಲಿ ಬ್ರೆಡ್ ನಿಂತೀತು, ಬಾಯಲ್ಲಿ ಮಾತು ನಿಲ್ಲದು. ಮಂಗಳವಾರ ತೊರ್ರೆಸೆಕಾದಲ್ಲಿ ಎರ್ಮಿನಿಯಾ ಬ್ರೆಡ್ ತೆಗೆದುಕೊಳ್ಳಲು ತಾವೇ ಬಾಗಿಲಿಗೆ ಬಂದಿದ್ದೇ ತಡ, ಅಷ್ಟನ್ನೂ ಒದರಿಬಿಟ್ಟ. ವ್ಯಾನಿನಲ್ಲಿ ಥಿಯಾ ಸೀಟಿನೊಳಗೆ ಹುದುಗಿಕೊಂಡಳು. ಆಮೇಲೆ ಎರ್ಮಿನಿಯಾ ಅವರ ದನಿ ಎದ್ದಿತು. ಅವರ ದನಿ ಎದ್ದರೆ ಮೂರು ಕಣಿವೆಗೆ ಕೇಳಬೇಕು.

"ಹಿಂದೆ ನಿಲ್ತಾಳಂತಾ? ಹಿಂದೆ ನಿಲ್ಲೋದು ಗಂಡಸರು! ಹೆಣ್ಣುಮಕ್ಕಳು ಮುಂದೆ ಕೂರ್ತಾರೆ. ಒಂದು ವರ್ಷದಿಂದ ಇದ್ದಾಳೆ, ಈ ಹುಡುಗಿಗೆ ಯಾರೂ ಏನೂ ಹೇಳಿಕೊಟ್ಟೇ ಇಲ್ವೇನೋ?"

ತಾವಾಡಿದ ಮಾತು ತಮಗೇ ಕೇಳಿಸಿದಂತೆ ಬಾಗಿಲ ಹಿಡಿ ಹಿಡಿದುಕೊಂಡರು. ಆಮೇಲೆ ವ್ಯಾನಿನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಸಾಂತೋಸ್‌ಗೆಂದರು: "ಎರಡನೇ ಸಾಲು ಅಂತ ಹೇಳು. ನನ್ನ ಹಿಂದೆ."

ವ್ಯಾನು ಶಾಲೆಯ ಗೇಟಿನ ಮುಂದೆ ನಿಂತ ಮೇಲೂ ಥಿಯಾ ಇಳಿಯಲಿಲ್ಲ. ಸಾಂತೋಸ್ ಒಂದು ತುಂಡು ಬ್ರೆಡ್ ಮುರಿದು ಕೊಟ್ಟ.

"ಅಳ್ಬೇಡ ಮಾರಾಯ್ತಿ, ಎರಡನೇ ಸಾಲು ಸಿಕ್ತಲ್ಲ."

"ಅದಕ್ಕಲ್ಲ," ಎಂದಳು ಥಿಯಾ. "ಇಂಥದ್ದನ್ನೆಲ್ಲ ನಂಗೆ ಹೇಳಿಕೊಡ್ತಿದ್ದೋರು ಒಬ್ರೇ ಇದ್ರು. ಆ ಶುಕ್ರವಾರ ಹೋಗಿದ್ದೂ ಅವರೇ."