ಮಾಳಿಗೆಯಲ್ಲಿ ಗಂಟೆ ಬಾರಿಸಿದವರು

ನಾನೇ ಬರೆದ ಪತ್ತೇದಾರಿ ಕಥೆಗಳನ್ನು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದುತ್ತೇನೆ. ಅಂದು ಅಂಕೋಲೆಯಲ್ಲಿ ಓದಿ ಗಂಟಲು ಕಟ್ಟಿತ್ತು, ಸಂಜೆಗೆ ತೋಡೂರು ಶಾಲೆ. ಪಾಳುಬಂಗಲೆಯ ದೆವ್ವ ಬಿಳಿ ಪಂಚೆ ಹೊದ್ದ ಕಳ್ಳನೆಂದು ಬಯಲಾದ ಮೇಲೆ ಪುಸ್ತಕ ಮುಚ್ಚಿದೆ.

ಮುಂದೆ ಕೂತಿದ್ದ ಹುಡುಗಿ ಎದ್ದಳು. “ಅಕ್ಕೋರೇ, ಕಳ್ಳನ್ನ ಕೆಳಗೆ ಕಟ್ಟಿಹಾಕಿದ್ರಲ್ಲ, ಮತ್ತೆ ಮಾಳಿಗೆ ಮೇಲೆ ಗಂಟೆ ಬಾರ್ಸಿದ್ದು ಯಾರು?”

ಬರೆಯುವಾಗ ಅದು ಹೊಳೆದಿರಲಿಲ್ಲ, ಈಗ ಯೋಚಿಸಲು ತ್ರಾಣವಿರಲಿಲ್ಲ. “ಅದು ನಿಜವಾದ ದೆವ್ವ” ಎಂದುಬಿಟ್ಟೆ.

ಉಳಿದವರೆಲ್ಲ ಖುಷಿಯಿಂದ ಕಿರುಚಿದರು. ಅವಳು ಮಾತ್ರ ನನ್ನ ಸೆರಗು ಹಿಡಿದಳು. “ನಾ ಒಬ್ಳೇ ಮನೆಗೆ ಹೋಗೂದಿಲ್ಲ.”

ನಾನು ಹಿಡಿಯಬೇಕಿದ್ದ ಕಾರವಾರದ ಬಸ್ಸು ಬಿಟ್ಟು, ಗದ್ದೆ ದಾಟಿ, ಅವಳನ್ನು ಮನೆ ಮುಟ್ಟಿಸಿದೆ. ವಿಷಯ ಕೇಳಿ ಅವಳ ತಾಯಿ ನಕ್ಕರು. “ಸಾಕು ಅಕ್ಕೋರೇ ನಿಮ್ಮ ಕಥೆ! ಹೊತ್ತು ಮುಳುಗಿ ಕಪ್ಪಾಯ್ತು, ನಿಮ್ಮನ್ನ ರಸ್ತೆ ತನಕ ಬಿಡೂದಾ?”

ಬೇಡ ಎನ್ನುವಷ್ಟು ಧೈರ್ಯ ನನಗೂ ಇರಲಿಲ್ಲ.