ಪದ್ಮಾ ಕಾಕುವಿನ ದನಿ ನುಂಗಿದ ಟ್ರಾನ್ಸಿಸ್ಟರ್

"ಅಕ್ಕಾರ, ಜೋರ್ ಮಾತಾಡ್ರಿ! ಏನೂ ಕೇಳವಲ್ದು!"

ಕಳೆದ ವಾರ ನಮ್ಮೂರ ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಿಂದ ಈ ಕೂಗು ಬಂದಾಗ ಮೈಕ್ ಹಿಡಿದು ನಿಂತಿದ್ದವರು ನಮ್ಮ ಪದ್ಮಾ ಕಾಕು. (ರಾಯಬಾಗದ ಕಡೆ ಚಿಕ್ಕಮ್ಮನನ್ನು ಹಾಗೇ ಕರೆಯುವುದು.) ಈಗ ಕಬ್ಬಿನ ಸೀಸನ್. ಡಬಲ್ ಟ್ರಾಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಅಂಗನವಾಡಿ ಮುಂದೆಯೇ ಹಾಯುತ್ತವೆ. ಮೊನ್ನೆ ಕಾಕುವಿನ ಮೊಮ್ಮಗಳು ಗಾಲಿಯಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅಲ್ಲೊಂದು ಹಂಪ್ ಬೇಕು. ಅವರು ಹೇಳಬೇಕಿದ್ದದ್ದು ಇಷ್ಟೇ.

ಅವರದು ಮೆಲು ದನಿ. ಸ್ಪೀಕರಿನಿಂದ ಬಂದದ್ದು ಬರೀ ಕರಕರ. ವಾಲ್ಯೂಮ್ ಏರಿಸಿದರೆ ಕುಂಯ್ಯೆಂದು ಕಿರುಚಿತು. ಅವರಿಗಿಂತ ಮೊದಲು ಗಂಟಲು ಹರಿಯುವಂತೆ ಕೂಗಿದವರ ಮಾತು ಮಾತ್ರ ಚೆನ್ನಾಗಿಯೇ ಕೇಳಿಸಿತ್ತು! ಕಾಕು ಮೈಕ್ ಕೊಟ್ಟು ಕುಳಿತರು. ನನಗೆ ಸಿಟ್ಟು ನೆತ್ತಿಗೇರಿತು.

ಆಂಪ್ಲಿಫೈಯರ್ ಬಳಿ ಹೋದೆ. (ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಇಂಥದಕ್ಕಾದರೂ ಬರಬೇಡವೇ?) ಮುಟ್ಟಿದರೆ ತಣ್ಣಗೆ. ಅದನ್ನು ಬಾಡಿಗೆಗೆ ತಂದಿದ್ದ ಅಪ್ಪಾಸಾಬ ಹೆಮ್ಮೆಯಿಂದ ಹೇಳಿದ: "ಭಾಳ ಗರಂ ಆಗ್ತಿತ್ರಿ. ಒಳಗಿನ ಬಯಾಸ್ ಸ್ಕ್ರೂ ಪೂರಾ ಕಮ್ಮಿ ಮಾಡೇನಿ. ಈಗ ಐಸ್ ಆಗೇತಿ!"

ಅಲ್ಲೇ ಎಡವಟ್ಟಾಗಿತ್ತು. ಪೆಟ್ಟಿಗೆಯೊಳಗೆ ದನಿ ಹಿಗ್ಗಿಸುವ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಸುಮಾರು ಪಾಯಿಂಟ್ ಏಳು ವೋಲ್ಟ್ ಸಿಗದಿದ್ದರೆ ಅದು ಕಟ್‌ಆಫ್, ಅಂದರೆ ಮಲಗಿದೆ. ವಿಪರೀತ ಕೊಟ್ಟರೆ ಸ್ಯಾಚುರೇಶನ್. ಪೂರ್ತಿ ಬಾಯಿ ತೆರೆದು ನಿಂತುಬಿಡುತ್ತದೆ, ದನಿಯ ಏರಿಳಿತ ಅದಕ್ಕೆ ತಿಳಿಯುವುದಿಲ್ಲ. ಸ್ವಿಚ್ಚಿನ ಕೆಲಸಕ್ಕೆ ಇವೆರಡು ಸಾಕು. ದನಿ ಹಿಗ್ಗಿಸಲು ನಡುವಿನ ಆ್ಯಕ್ಟಿವ್ ಸ್ಥಿತಿಯೇ ಬೇಕು. ಅಲ್ಲಿ ನಿಲ್ಲಿಸಲು ಮೊದಲೇ ಕೊಡುವ ತುಸು ವೋಲ್ಟೇಜೇ ಬಯಾಸ್. ಯಾರೂ ಮಾತಾಡದಿದ್ದಾಗಲೂ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು, ಪೆಟ್ಟಿಗೆ ಸ್ವಲ್ಪ ಬೆಚ್ಚಗಿರಬೇಕು. ಅದಿಲ್ಲದಿದ್ದರೆ ಜೋರು ದನಿ ಮಲಗಿದ ಟ್ರಾನ್ಸಿಸ್ಟರನ್ನು ತಾನೇ ತಳ್ಳಿ ಎಬ್ಬಿಸಿಕೊಳ್ಳುತ್ತದೆ. ಮೆಲು ದನಿ ಏನು ಮಾಡಬೇಕು?

ಮೀಟರ್ ಹಚ್ಚಿ ಸ್ಕ್ರೂ ತಿರುವಿದೆ.

"ಸುಟ್ರ ನೀವ ಜವಾಬ್ದಾರ್ರಿ ಮತ್ತ!" ಅಂದ ಅಪ್ಪಾಸಾಬ.

"ಆತಪಾ, ನಾನ ಜವಾಬ್ದಾರ."

ಕಾಕುವನ್ನು ಒತ್ತಾಯ ಮಾಡಿ ಎಬ್ಬಿಸಿದೆ. "ಅಂಗನವಾಡಿ ಮುಂದ ಒಂದ್ ಹಂಪ್ ಹಾಕ್ರಿ," ಅಂದರು. "ಕೂಸ್ ಸತ್ತಮ್ಯಾಲ ಹಾಕ್ತೀರೇನು?" ಅದೇ ಮೆಲು ದನಿ. ಕೊನೆಯ ಸಾಲಿಗೂ ಮುಟ್ಟಿತು.

ಪಂಚಾಯಿತಿ ಅಧ್ಯಕ್ಷರು ಮೊಬೈಲಿನಿಂದ ತಲೆ ಎತ್ತಿದರು. "ಮುಂದಿನ ಸಭಾದಾಗ ನೋಡೂಣ್ರಿ ಕಾಕು."

ಕೇಳಿಸಲಿಲ್ಲ ಅನ್ನುವ ನೆಪವೂ ಈಗ ನಿಮಗಿಲ್ಲ ಅಧ್ಯಕ್ಷರೇ, ಹಂಪ್ ಯಾವಾಗ?